ಹದಿನೇಳರ ಮಗ್ಗಿಯಲ್ಲಿ ತೊಳೆದ ರೀಲು

ಮನೆ ಓನರು ಬೆಳ್ಳಂಬೆಳಗ್ಗೆ ಬಾಗಿಲು ತಟ್ಟಿದರೆ ಬಾಡಿಗೆದಾರರ ಎದೆ ಧಸಕ್ಕೆನ್ನದೆ ಇರುವುದಿಲ್ಲ. ಜೆ.ಪಿ. ನಗರದ ಆ ಮನೆಗೆ ಹೋದ ಹೊಸದರಲ್ಲಿ, ಏಪ್ರಿಲ್ ತಿಂಗಳ ಒಂದು ಭಾನುವಾರ, ನನಗೂ ಹಾಗೇ ಆಯಿತು. ಬಾಗಿಲು ತೆಗೆದರೆ ಓನರು ನಿಂತಿದ್ದಾರೆ: ಪಟ್ಟೆಪಟ್ಟೆ ಪೈಜಾಮ, ಬನಿಯನ್ನು, ಕೈಯಲ್ಲೊಂದು ಸ್ಟೀಲ್ ಪಾತ್ರೆ. ಬಾಡಿಗೆ ಏರಿಸುವುದಕ್ಕೆ ಬಂದವರು ಪಾತ್ರೆ ಹಿಡಿದುಕೊಂಡು ಯಾಕೆ ಬರುತ್ತಾರೆ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಕೇಳಿದರು.

"ಐಸ್ ಇದ್ಯೇನಮ್ಮ?"

"ಐಸಾ ಅಂಕಲ್?"

"ಹೂಂ, ಫ್ರಿಜ್ಜಲ್ಲಿರೋ ಐಸು. ನಮ್ಮನೇದು ಎಲ್ಲಾ ಖಾಲಿ ಆಯ್ತು. ರೀಲು ತೊಳೀಬೇಕು, ನೀರು ನೋಡಿದ್ರೆ ಸ್ನಾನಕ್ಕೆ ಕಾಯ್ಸಿದಂಗಿದೆ."

ಕೊಟ್ಟೆ. ಟ್ರೇ ಕೈಗೆ ಬಂದೊಡನೆ ಅದನ್ನು ಒಮ್ಮೆ ಕುಲುಕಿ ನೋಡಿದರು. ನೀರಿನ ಸದ್ದು ಬರಲಿಲ್ಲವಾದ್ದರಿಂದ ಸಮಾಧಾನವಾಗಿ ಮೇಲಿನ ಮಹಡಿಯವರ ಫ್ರಿಜ್ಜಿನ ಕಡೆ ಹೊರಟರು. ಆಮೇಲೆ ನಾವು ಅಲ್ಲಿದ್ದಷ್ಟು ವರ್ಷವೂ ಬೇಸಗೆಯಲ್ಲಿ ನಮ್ಮ ಫ್ರಿಜ್ಜಿನ ಮೇಲಿನ ಖಾನೆ ಓನರಿಗೇ ಮೀಸಲಾಗಿತ್ತು. ಬಾಡಿಗೆ ಏರಿಸುವ ಮಾತನ್ನು ಅವರು ಎತ್ತುತ್ತಿದ್ದುದು ಮಳೆಗಾಲದಲ್ಲಿ, ಐಸಿನ ಅಗತ್ಯ ಇಲ್ಲದಿರುವಾಗ.

ಹೋದ ತಿಂಗಳು ಅವರು ತೀರಿಕೊಂಡರು. ನಾವು ಗೊಟ್ಟಿಗೆರೆ ಕಡೆ ಫ್ಲ್ಯಾಟ್ ಮಾಡಿಕೊಂಡು ಬಂದು ಸ್ವಲ್ಪ ಕಾಲವಾಗಿದೆ. ಅವರ ಹೆಂಡತಿ, ನಮಗೆಲ್ಲ ಆಂಟಿ, ಫೋನ್ ಮಾಡಿದಾಗ ನಾನು ಜಯನಗರದಲ್ಲಿ ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿದ್ದೆ. "ರಾತ್ರಿ ಮಲಗಿದೋರು ಏಳ್ಲೇ ಇಲ್ಲ ಕಣಮ್ಮ. ಒಳ್ಳೇ ಸಾವು" ಎಂದರು. ಒಳಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಬಂದು, ಕಾಯುತ್ತಿದ್ದ ಗಿರಾಕಿಗೆ ಕೆಮ್ಮಿನ ಸಿರಪ್ ಕೊಡುವಾಗ "ಚೆನ್ನಾಗಿ ಕುಲುಕಿ ಕುಡಿಸಿ" ಎಂದು ಹೇಳಿದೆ. ಹೇಳಿದ ಮರುಕ್ಷಣವೇ ನಗು ಬಂದುಬಿಟ್ಟಿತು. ಗಿರಾಕಿ ಹೆದರಿ ಬಾಟಲಿಯ ತಾರೀಖು ನೋಡತೊಡಗಿದ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬಿಲ್ಡಿಂಗಿನ ಮೂರು ಮಹಡಿಯವರಿಗೂ ಅವರು ಓನರು, ಅಷ್ಟೆ. ಆಂಟಿಯೂ ನಮ್ಮೆದುರು "ನಿಮ್ಮ ಓನರು ಎಲ್ಲೋದ್ರು, ನೋಡಿದ್ರಾ?" ಎಂದೇ ಕೇಳುತ್ತಿದ್ದರು. ಅವರ ಅಪ್ಪನ ಕಾಲಕ್ಕೆ ಅಲ್ಲೆಲ್ಲ ರಾಗಿ ಹೊಲ. ಹೊಲ ಲೇಔಟ್ ಆಯಿತು, ಇವರಿಗೂ ಇವರಣ್ಣನಿಗೂ ಅಕ್ಕಪಕ್ಕದ ರಸ್ತೆಗಳಲ್ಲಿ ಸೈಟು ಉಳಿಯಿತು, ಸೈಟಿನ ಮೇಲೆ ಬಿಲ್ಡಿಂಗು ಎದ್ದಿತು. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ನಮ್ಮ ಸ್ಕೂಟರುಗಳು ನಿಲ್ಲುತ್ತಿದ್ದವು. ಅದರ ಹಿಂದೆ, ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಒಂದು ಬಚ್ಚಲು. ವಾಚ್‌ಮನ್ನಿಗೆಂದು ಕಟ್ಟಿಸಿದ್ದು, ವಾಚ್‌ಮನ್ನನ್ನು ಇಟ್ಟುಕೊಳ್ಳಲೇ ಇಲ್ಲ. ನಾವೆಲ್ಲ ಅದಕ್ಕೆ ರೀಲು ಬಚ್ಚಲು ಎನ್ನುತ್ತಿದ್ದೆವು.

ಎಲ್ಲರ ಜೇಬಿನಲ್ಲೂ ಫೋನು, ಫೋನಿನಲ್ಲಿ ಸಾವಿರ ಫೋಟೊ ಇರುವ ಈ ಕಾಲದಲ್ಲಿ ಓನರು ಹಳೆಯ ಕ್ಯಾಮೆರಾಕ್ಕೆ ಕಪ್ಪು ಬಿಳುಪಿನ ರೀಲು ಹಾಕಿ ಓಡಾಡುತ್ತಿದ್ದರು. ಅವರ ಫೋಟೊಗಳು ಮಹಾ ಕಲೆಯಾಗಿದ್ದವು ಎಂದು ನಾನು ಹೇಳಲಾರೆ. ಎಳನೀರಿನವನು, ಬಿಸಿಲು ಕಾಯಿಸುವ ನಾಯಿ, ಮನೆ ಖಾಲಿ ಮಾಡಿ ಹೋಗುವ ಬಾಡಿಗೆದಾರರು ಟೆಂಪೊ ಮುಂದೆ ನಿಂತದ್ದು, ಆಂಟಿಯ ಬೆನ್ನು. ಆಂಟಿ ಮುಖ ತೋರಿಸುತ್ತಿರಲಿಲ್ಲ. ನನ್ನ ಗುಮಾನಿ ಏನೆಂದರೆ ಅವರಿಗೆ ಫೋಟೊ ತೆಗೆಯುವುದು ಒಂದು ನೆಪ, ರೀಲು ಮುಗಿದರೆ ತೊಳೆಯಬಹುದಲ್ಲ ಎಂಬ ಆಸೆ ಅಷ್ಟೆ.

ನಾನು ಔಷಧಿ ಅಂಗಡಿಯವಳು ಎಂದು ಗೊತ್ತಾದ ಮೇಲೆ ಅಳತೆಗೆ, ತೂಕಕ್ಕೆ ನನ್ನನ್ನು ಕರೆಯತೊಡಗಿದರು. ಹಾಗೆ ರೀಲು ಬಚ್ಚಲಿನೊಳಗೆ ನನಗೆ ಪ್ರವೇಶ ಸಿಕ್ಕಿತು. ಕಾಲಮೇಲೆ ಕರಿ ಕಂಬಳಿ ಹೊದ್ದು ಕುಳಿತು, ಎರಡೂ ಕೈ ಅದರೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ಫಿಲ್ಮನ್ನು ಒಂದು ಪ್ಲಾಸ್ಟಿಕ್ ಚಕ್ರಕ್ಕೆ ಸುತ್ತುತ್ತಿದ್ದರು. ಕಂಬಳಿಯೊಳಗೆ ಹೇಗೂ ಕತ್ತಲೆ, ಕಣ್ಣು ಯಾಕೆ ಮುಚ್ಚುತ್ತೀರಿ ಎಂದು ಕೇಳಿದರೆ ಇನ್ನೂ ಬಿಗಿಯಾಗಿ ಮುಚ್ಚುತ್ತಿದ್ದರು. ಚಕ್ರ ಒಂದು ಕಪ್ಪು ಡಬ್ಬಿಯೊಳಗೆ ಹೋಗಿ ಮುಚ್ಚಳ ಬಿದ್ದಮೇಲೆ ಲೈಟು. ಡಬ್ಬಿಯ ಬಾಯಿಂದ ಚಿತ್ರ ಮೂಡಿಸುವ ಮದ್ದು ಸುರಿಯುವುದು, ಕುಲುಕುವುದು, ಚೆಲ್ಲುವುದು. ಮೂಡಿದ್ದು ಅಳಿಸಿಹೋಗದಂತೆ ಇನ್ನೊಂದು ಮದ್ದು, ಆಮೇಲೆ ಸಂಪಿನ ನೀರಿನಲ್ಲಿ ತೊಳೆತ. ಇದಿಷ್ಟರಲ್ಲಿ ಓನರಿಗೆ ಮುಖ್ಯವಾದದ್ದು ಒಂದೇ, ಕುಲುಕುವುದು. ಉಳಿದದ್ದನ್ನೆಲ್ಲ ಯಾರು ಬೇಕಾದರೂ ಮಾಡಬಹುದು ಎನ್ನುತ್ತಿದ್ದರು.

"ಫಿಲ್ಮ್ ಪಕ್ಕದಲ್ಲಿರೋ ಮದ್ದು ಕೆಲ್ಸ ಮಾಡಿ ಮಾಡಿ ಸುಸ್ತಾಗುತ್ತೆ ಕಣಮ್ಮ. ಅದನ್ನ ಆಚೆ ಕಳ್ಸಿ ಹೊಸದನ್ನ ಒಳಗೆ ತರ್ಬೇಕು. ಕುಲುಕ್ಲಿಲ್ಲ ಅಂದ್ರೆ ಸುಸ್ತಾಗಿರೋದು ಹಂಗೇ ಕೆಳಗಿಳಿದು ಚಿತ್ರದ ಮೇಲೆ ಗೆರೆ ಎಳೀತದೆ. ಜಾಸ್ತಿ ಕುಲುಕಿದ್ರೆ ಫಿಲ್ಮ್ ಅಂಚಲ್ಲಿ ಸಾಲಾಗಿ ತೂತು ಇದಾವಲ್ಲ, ಅದರೊಳಗಿಂದ ಮದ್ದು ನುಗ್ಗಿ ಅಂಚು ಕೆಡಿಸ್ತದೆ. ಮುದ್ದೆ ಮಾಡೋವಾಗ ಕೋಲು ತಿರುವಿದಂಗೆ. ತಿರುವ್ಲಿಲ್ಲ ಅಂದ್ರೆ ಗಂಟು, ಮೈಮೇಲೆ ಬಂದೋರಂಗೆ ತಿರುವಿದ್ರೆ ಹಿಟ್ಟೆಲ್ಲ ಒಲೆ ಮೇಲೆ."

ಅವರ ಪದ್ಧತಿ ಹೀಗಿತ್ತು. ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ತಲೆಕೆಳಗು ಮಾಡಿ, ಹಾಗೇ ನೆಟ್ಟಗೆ ತರುವುದು. ತರುವಾಗ ಮಣಿಕಟ್ಟು ಸ್ವಲ್ಪ ತಿರುಗಬೇಕು. ಕೊನೆಗೆ ಡಬ್ಬಿಯ ತಳವನ್ನು ಕಲ್ಲಿಗೆ ಮೆತ್ತಗೆ ತಟ್ಟಬೇಕು, ಒಳಗೆ ಗುಳ್ಳೆಗಳಿದ್ದರೆ ಎದ್ದು ಹೋಗಲಿ ಎಂದು. ಡಬ್ಬಿಯ ಜೊತೆಗೆ ಕಂಪನಿಯವರು ಒಂದು ಕಡ್ಡಿ ಕೊಡುತ್ತಾರೆ, ಅದನ್ನು ಮೇಲಿನಿಂದ ತೂರಿಸಿ ಚಕ್ರವನ್ನು ತಿರುಗಿಸಿದರೂ ಆಗುತ್ತದಂತೆ. ಓನರು ಆ ಕಡ್ಡಿಯನ್ನು ಕಿವಿ ಗುಗ್ಗೆ ತೆಗೆಯುವುದಕ್ಕೂ ಲಾಯಕ್ಕಿಲ್ಲ ಎನ್ನುತ್ತಿದ್ದರು. ತಿರುಗಿಸಿದ ಕಡೆಗೇ ಮದ್ದು ಸುತ್ತುತ್ತದೆ, ಮೇಲಿನದು ಮೇಲೆ, ಕೆಳಗಿನದು ಕೆಳಗೆ, ಅದೇನು ಕುಲುಕಿದ ಹಾಗಾಯಿತೇ ಎಂಬುದು ಅವರ ತಕರಾರು.

ಈ ಚಾಳಿ ಬಚ್ಚಲಿನಿಂದ ಹೊರಗೂ ಹಬ್ಬಿತ್ತು. ಮಜ್ಜಿಗೆ ಲೋಟ, ಎಳನೀರು, ಹಬ್ಬಕ್ಕೆ ಯಾರೋ ಕೊಟ್ಟ ಸ್ವೀಟ್ ಡಬ್ಬ, ಏನು ಕೈಗೆ ಕೊಟ್ಟರೂ ಒಮ್ಮೆ ತಲೆಕೆಳಗಾಗಿ ಬರುತ್ತಿತ್ತು. ನಮ್ಮ ಅಂಗಡಿಗೆ ಬಂದರೆ ಕೌಂಟರಿನ ಪಕ್ಕದಲ್ಲಿ ನಿಂತು ಗಿರಾಕಿಗಳು ಸಿರಪ್ ಬಾಟಲಿ ಕುಲುಕುವುದನ್ನು ನೋಡಿ ಮುಖ ಕಿವುಚುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಮನುಷ್ಯರಿಗೆ "ಸಾರ್, ಅದು ಗಿಲಕಿ ಅಲ್ಲ" ಎಂದುಬಿಟ್ಟರು. ನಾನು ಕ್ಷಮೆ ಕೇಳಿ ಸುಧಾರಿಸಬೇಕಾಯಿತು. ತೊಳೆದ ಫಿಲ್ಮುಗಳ ವಿಷಯದಲ್ಲಂತೂ ಅವರ ಕಣ್ಣು ಗಿಡುಗನ ಕಣ್ಣು. ಬೇರೆಯವರ ಫಿಲ್ಮನ್ನು ದೂರದಿಂದ ನೋಡಿಯೇ "ಕೈ ಅವಸರ" ಅಥವಾ "ಕೈ ಸೋಮಾರಿ" ಎಂದು ತೀರ್ಪು ಕೊಡುತ್ತಿದ್ದರು.

ಹೊತ್ತು ಲೆಕ್ಕ ಹಾಕುವುದಕ್ಕೆ ಅವರು ಗಡಿಯಾರ ಇಟ್ಟುಕೊಂಡಿರಲಿಲ್ಲ, ಮಗ್ಗಿ ಹೇಳುತ್ತಿದ್ದರು. ಎರಡರ ಮಗ್ಗಿ ಮುಗಿಯುವವರೆಗೆ ಕುಲುಕುವುದು. ಆಮೇಲೆ ಡಬ್ಬಿ ಕೆಳಗಿಟ್ಟು ಹದಿನೇಳರ ಮಗ್ಗಿಯನ್ನು ಹಳ್ಳಿ ಶಾಲೆಯ ರಾಗದಲ್ಲಿ, ಎಳೆದೆಳೆದು, ಪೂರ್ತಿ ಹೇಳುವುದು. ಅದು ಮುಗಿದರೆ ಮತ್ತೆ ಎರಡರ ಮಗ್ಗಿ, ಮತ್ತೆ ಕುಲುಕು. ಹೀಗೆ ಮದ್ದಿನ ಹೊತ್ತು ಮುಗಿಯುವವರೆಗೆ. ಭಾನುವಾರ ಪಾರ್ಕಿಂಗಿನಲ್ಲಿ ಸ್ಕೂಟರ್ ತೆಗೆಯುವಾಗ ಮೆಟ್ಟಿಲ ಕೆಳಗಿನಿಂದ "ಹದಿನೇಳ್ಮೂರ್ಲಿ ಐವತ್ತೊಂದೂ" ಎಂದು ಕೇಳಿದರೆ ಸದ್ದು ಮಾಡದೆ ತಳ್ಳಿಕೊಂಡು ಹೋಗಬೇಕು, ಅದು ಬಿಲ್ಡಿಂಗಿನ ನಿಯಮ. ಗ್ಯಾಸ್ ಸಿಲಿಂಡರಿನವನು ಇದು ತಿಳಿಯದೆ ಒಮ್ಮೆ ಬಾಗಿಲು ಬಡಿದು ಓಟಿಪಿ ಕೇಳಿದ. ಒಳಗಿನಿಂದ "ನೂರಾ ಎರಡು" ಎಂದು ಉತ್ತರ ಬಂತು. ಅವನು ಅದನ್ನೇ ಒತ್ತಿ, ಆಗುತ್ತಿಲ್ಲ ಸಾರ್, ಇನ್ನೊಂದ್ಸಲ ಹೇಳಿ ಎಂದರೆ "ನೂರಾ ಹತ್ತೊಂಬತ್ತು" ಎಂದರು.

"ಫೋನಲ್ಲೇ ಟೈಮರ್ ಇದೆ ಅಂಕಲ್" ಎಂದೆ ನಾನು.

"ಫೋನ್ ನೋಡಕ್ಕೆ ಕೂತ್ರೆ ಫೋನೇ ನೋಡ್ತೀವಿ. ಹದಿನೇಳರ ಮಗ್ಗಿ ಕಷ್ಟ. ಅದನ್ನ ಹೇಳೋವಾಗ ಮನ್ಸು ಬೇರೆ ಎಲ್ಲೂ ಹೋಗಲ್ಲ."

ಮೂರನೇ ಮಹಡಿಯಲ್ಲಿ ಡಿಸೈನ್ ಓದುವ ಒಬ್ಬಳು ಹುಡುಗಿ ಬಾಡಿಗೆಗಿದ್ದಳು. ಅವಳಿಗೂ ಫಿಲ್ಮಿನ ಹುಚ್ಚು, ಆದರೆ ಇಂಟರ್ನೆಟ್ಟಿನಿಂದ ಬಂದದ್ದು. ಓನರಿಗೆ ಅವಳು ಸಿಕ್ಕಿದ್ದು ಹಬ್ಬವಾಯಿತು. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ವಾದ ಮಾಡುತ್ತಿದ್ದರು. ಒಂದು ದಿನ ಅವಳು, "ಅಂಕಲ್, ಇನ್ನೊಂದು ಮೆಥಡ್ ಇದೆ, ಸಖತ್ ಸಿಂಪಲ್. ಮದ್ದನ್ನ ತುಂಬಾ ತೆಳು ಮಾಡೋದು, ಶುರುನಲ್ಲಿ ಒಂದ್ಸಲ ಕುಲುಕೋದು, ಆಮೇಲೆ ಒಂದು ಗಂಟೆ ಮುಟ್ಟೋದೇ ಇಲ್ಲ. ಅದರ ಪಾಡಿಗೆ ಅದು ಆಗುತ್ತೆ" ಎಂದಳು.

ಓನರ ಮುಖ ಕಪ್ಪಿಟ್ಟಿತು. ಎದ್ದು ಒಳಗೆ ಹೋದರು. ಹುಡುಗಿ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದಳು. ಆಗ, ಬಾಗಿಲಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ಆಂಟಿ, ನಗು ತಡೆಯಲಾರದೆ ಆ ಕಥೆ ಹೇಳಿದರು.

ಓನರ ಅಣ್ಣನ ಮದುವೆ. ಓನರು ಆಗಿನ್ನೂ ಮೀಸೆ ಮೂಡುತ್ತಿದ್ದ ಹುಡುಗ, ಜಯನಗರದ ಒಂದು ಸ್ಟುಡಿಯೊದಲ್ಲಿ ಬೇಸಗೆ ರಜೆಗೆ ಕೆಲಸ ಕಲಿಯುತ್ತಿದ್ದರು. ಫೋಟೊದವರನ್ನು ಕರೆಸಬೇಡಿ, ನಾನೇ ತೆಗೆಯುತ್ತೇನೆ, ನಾನೇ ತೊಳೆಯುತ್ತೇನೆ, ಸಂಜೆಯೊಳಗೆ ಬೀಗರಿಗೆ ತೋರಿಸುತ್ತೇನೆ ಎಂದು ಜಂಬ ಕೊಚ್ಚಿ ಒಪ್ಪಿಸಿದರು. ಧಾರೆ ಮುಗಿದದ್ದೇ ಓಡಿ ಬಂದು ಕೊಟ್ಟಿಗೆಯ ಕತ್ತಲಲ್ಲಿ ರೀಲನ್ನು ಡಬ್ಬಿಗೆ ಹಾಕಿದರು, ಮದ್ದು ಸುರಿದರು. ಆ ಹೊತ್ತಿಗೆ ಚಪ್ಪರದಲ್ಲಿ ಒಬ್ಬಟ್ಟು ಬಡಿಸುತ್ತಿದ್ದಾರೆಂದು ಯಾರೋ ಕೂಗಿದರು. ಎರಡು ಒಬ್ಬಟ್ಟು ತಿಂದು ಬರೋಣ ಎಂದು ಹೋದ ಹುಡುಗ, ಬೀಗರು ತುಪ್ಪ ಬಡಿಸುತ್ತಲೇ ಇದ್ದುದರಿಂದ ಏಳಲಿಲ್ಲ. ಡಬ್ಬಿ ಹಸುಗಳ ಪಕ್ಕದಲ್ಲಿ ಅಲುಗಾಡದೆ ಕುಳಿತಿತ್ತು.

ಅಣ್ಣನ ತಲೆಯ ಮೇಲೆ ಬಿಳಿ ಪೇಟ ಇತ್ತಲ್ಲ, ಅದರಿಂದ ಹೊರಟ ಕಪ್ಪು ಗೆರೆಗಳು ಹಣೆ, ಕಣ್ಣು, ಮೂಗಿನ ಮೇಲಿಂದ ಗದ್ದದವರೆಗೆ ಇಳಿದಿದ್ದವು. ಪ್ರತಿಯೊಂದು ಫೋಟೊದಲ್ಲೂ. ಬೀಗರ ಕಡೆಯ ಒಬ್ಬ ಹಿರಿಯರು, "ಹುಡುಗ ಯಾಕೋ ಮಸಿ ಅಳ್ತಿದ್ದಾನೆ" ಎಂದರಂತೆ. ಚಪ್ಪರವೆಲ್ಲ ನಕ್ಕಿತು. ಮದುಮಗ ನಗಲಿಲ್ಲ.

"ಸೈಟು ಹಂಚ್ಕೊಳೋವಾಗ ಅಣ್ಣ ತಮ್ಮ ಒಂದು ಕೆಟ್ಟ ಮಾತು ಆಡ್ಲಿಲ್ಲ ಕಣ್ರಮ್ಮ" ಎಂದರು ಆಂಟಿ. "ಮೂಲೆ ಸೈಟು ನೀನಿಟ್ಕೋ ಅಂತ ಭಾವನೋರೇ ಬಿಟ್ಕೊಟ್ರು. ಆದ್ರೆ ಆ ಫೋಟೊ ವಿಷಯ ಮಾತ್ರ ಬಿಡಲ್ಲ. ಅವರ ಮನೇಲಿ ಮದುವೆ ಫೋಟೊನೇ ಇಲ್ಲ. ಯಾವ ಫಂಕ್ಷನ್‌ಗೆ ಹೋದ್ರೂ ಇವ್ರು ಒಲೆ ಹತ್ರ ಕಾಣಿಸಿದ್ರೆ ಸಾಕು, 'ಅವನ ಕೈಗೆ ಏನೂ ಕೊಡ್ಬೇಡಿ, ಬಿಟ್ಟು ಊಟಕ್ಕೆ ಹೋಗ್ತಾನೆ' ಅಂತಾರೆ. ಇವ್ರು ಕ್ಯಾಮೆರಾ ಎತ್ತಿದ್ರೆ ಭಾವನೋರು ಎದ್ದು ಆ ಕಡೆ ಹೋಗ್ತಾರೆ."

ಕುಲುಕುವುದರ ಹುಚ್ಚು ಎಲ್ಲಿಂದ ಬಂತೆಂದು ನಮಗೆ ಅವತ್ತು ಗೊತ್ತಾಯಿತು. ಓನರ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಅವತ್ತೇ. ಒಂದು ಊಟದ ಹೊತ್ತಿನ ತಪ್ಪಿಗೆ ಆ ಮನುಷ್ಯ ಬಚ್ಚಲಲ್ಲಿ ಕುಳಿತು ಮಗ್ಗಿ ಹೇಳುತ್ತಲೇ ಇದ್ದರು. ಆಮೇಲೆ ಒಮ್ಮೆ ನಾನು ಮದ್ದು ಅಳೆಯುವಾಗ ಅವರೇ ಹೇಳಿದರು: "ಸಾಯೋದ್ರೊಳಗೆ ನಮ್ಮಣ್ಣನ ಮುಖ ಒಂದ್ಸಲ ಕ್ಲೀನಾಗಿ ತೆಗೀಬೇಕಮ್ಮ. ಇನ್ನೇನೂ ಆಸೆ ಇಲ್ಲ. ಆದ್ರೆ ನಿಲ್ಲಬೇಕಲ್ಲ ಅವ್ನು."

ನಿಂತರು. ಅಣ್ಣನ ಮಕ್ಕಳೆಲ್ಲ ಸೇರಿ ಅಪ್ಪ ಅಮ್ಮನ ಐವತ್ತನೇ ಮದುವೆ ವಾರ್ಷಿಕೋತ್ಸವಕ್ಕೆ ಬನಶಂಕರಿಯ ಒಂದು ಛತ್ರ ಹಿಡಿದರು. ಮತ್ತೆ ಪೇಟ, ಮತ್ತೆ ಹಾರ, ಮತ್ತೆ ಒಬ್ಬಟ್ಟು. ಕಾರ್ಯಕ್ರಮಕ್ಕೆ ಒಂದು ವಾರ ಇರುವಾಗ ಅಣ್ಣ ನಮ್ಮ ಗೇಟಿನ ಮುಂದೆ ಬಂದು ನಿಂತರು. ಎತ್ತರದ ಆಳು, ಬಿಳಿ ಪಂಚೆ, ಕೈ ಈಗಲೂ ನೇಗಿಲು ಹಿಡಿದವರ ಕೈಯ ಹಾಗೆ ದಪ್ಪ. ಒಳಗೆ ಬರಲಿಲ್ಲ.

"ಫೋಟೊ ನೀನೇ ತೆಗಿ" ಎಂದರು ತಮ್ಮನಿಗೆ. "ಮಕ್ಳು ಯಾರನ್ನೋ ಕರ್ಸಿದಾರೆ, ಡ್ರೋನ್ ಅಂತೆ, ಏನೇನೋ ಅಂತೆ. ಅವ್ರು ತಕ್ಕೊಳ್ಳಿ. ನೀನು ಒಂದು ತೆಗಿ. ಐವತ್ತು ವರ್ಷದಿಂದ ನನ್ನ ಮುಖ ನಿನ್ನ ಹತ್ರ ಬಾಕಿ ಇದೆ."

ಓನರು ತಲೆಯಾಡಿಸಿದರು. ಅಣ್ಣ ಹೋದ ಮೇಲೆ ಬಹಳ ಹೊತ್ತು ಗೇಟು ಹಿಡಿದುಕೊಂಡು ನಿಂತಿದ್ದರು. ಆ ವಾರ ಊಟ ಸರಿಯಾಗಿ ಮಾಡಲಿಲ್ಲವಂತೆ.

ಛತ್ರಕ್ಕೆ ನಮ್ಮನ್ನೂ ಕರೆದಿದ್ದರು. ಡ್ರೋನಿನವರನ್ನೆಲ್ಲ ಬದಿಗೆ ನಿಲ್ಲಿಸಿ ಓನರು ಅಣ್ಣ ಅತ್ತಿಗೆಯ ಎದುರು ನಿಂತರು. ಇಡೀ ರೀಲು ಅವರಿಬ್ಬರಿಗೇ ಮುಗಿಸಿದರು, ಅಣ್ಣ ಒಮ್ಮೆಯೂ ಕಣ್ಣು ತಪ್ಪಿಸಲಿಲ್ಲ. ಓನರು ಒಬ್ಬಟ್ಟು ತಿನ್ನಲಿಲ್ಲ. ಎಲೆ ಹಾಕಿದರೂ ಕೂರದೆ ಕ್ಯಾಮೆರಾ ಎದೆಗವಚಿಕೊಂಡು ಸ್ಕೂಟರಿನಲ್ಲಿ ಹೊರಟರು. ನಮ್ಮ ರಸ್ತೆಯ ತಿರುವಿನಲ್ಲಿ ಹಿಂದಿನ ದಿನವಷ್ಟೇ ಯಾರೋ ಹಂಪು ಹಾಕಿದ್ದರು, ಬಣ್ಣ ಬಳಿದಿರಲಿಲ್ಲ. ಬಿದ್ದರು. ಬೀಳುವಾಗ ಕ್ಯಾಮೆರಾ ಇದ್ದ ಕೈಯನ್ನು ಮೇಲೆತ್ತಿ, ಇನ್ನೊಂದು ಕೈಯನ್ನು ನೆಲಕ್ಕೆ ಕೊಟ್ಟರು. ಕ್ಯಾಮೆರಾಕ್ಕೆ ಒಂದು ಗೀರೂ ಆಗಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು.

ಕೈ ಪ್ಲಾಸ್ಟರಿನ ಕಟ್ಟಿನಲ್ಲಿತ್ತು. ರೀಲು ಕ್ಯಾಮೆರಾದಲ್ಲಿತ್ತು. ಕಟ್ಟು ಬಿಚ್ಚುವವರೆಗೆ ಫ್ರಿಜ್ಜಿನಲ್ಲಿಟ್ಟರಾಯಿತು, ಏನೂ ಆಗುವುದಿಲ್ಲ ಎಂದಳು ಹುಡುಗಿ. ಅಣ್ಣ ಒಪ್ಪಲಿಲ್ಲ. ಫೋನಿನಲ್ಲಿ ಅವರ ದನಿ ನಮ್ಮ ಮನೆಗೂ ಕೇಳುತ್ತಿತ್ತು: "ಐವತ್ತು ವರ್ಷ ಕಾದಿದೀನಿ. ಇನ್ನೊಂದು ತಿಂಗಳು ಅಂದ್ರೆ ಕಾಯಲ್ಲ. ಕೈ ಮುರ್ಕೊಂಡಿದ್ದು ಒಳ್ಳೇ ನೆಪ ಆಯ್ತು ನಿಂಗೆ." ಲ್ಯಾಬಿಗೆ ಕೊಡಿ ಎಂದರು ಆಂಟಿ. ಓನರು ಕೇಳಲಿಲ್ಲ. "ಕೆಡಿಸಿದ್ದು ನಾನು. ಲ್ಯಾಬ್‌ನೋರು ಸರಿ ಮಾಡಿದ್ರೆ ಅದು ಅವರ ಫೋಟೊ ಆಗುತ್ತೆ."

"ಹಂಗಾದ್ರೆ ಕುಲುಕದೇ ಇರೋ ಮೆಥಡ್ ಮಾಡೋಣ ಅಂಕಲ್" ಎಂದಳು ಹುಡುಗಿ. "ಕೈನೇ ಬೇಡ."

"ಅದನ್ನ ನಾನು ಒಂದ್ಸಲ ಮಾಡಿ ನೋಡಿದೀನಮ್ಮ" ಎಂದರು ಓನರು.

ಕೊನೆಗೆ ಭಾನುವಾರ ಬೆಳಗ್ಗೆ ಎಂದು ತೀರ್ಮಾನವಾಯಿತು. ಕಂಬಳಿಯೊಳಗೆ ಕೈ ಹಾಕಿ ಫಿಲ್ಮ್ ಸುತ್ತುವುದು ಹುಡುಗಿ, ಮದ್ದು ಅಳೆದು ಕುಲುಕುವುದು ನಾನು, ಮಗ್ಗಿ ಹೇಳುವುದು ಓನರು. ಶನಿವಾರ ಸಂಜೆ ಡಬ್ಬಿಗೆ ಬರೀ ನೀರು ತುಂಬಿ ನನಗೆ ಅಭ್ಯಾಸ ಮಾಡಿಸಿದರು. ನಾನು ವರ್ಷಗಟ್ಟಲೆ ನೋಡಿದ್ದೇ, ಆದರೂ ಮಣಿಕಟ್ಟು ತಿರುಗಿಸುವುದನ್ನು ಎರಡು ಸಲ ಮರೆತೆ. "ಪರವಾಗಿಲ್ಲ" ಎಂದರು. ಅದಕ್ಕಿಂತ ಮೇಲಿನ ಮಾತು ಅವರಿಂದ ಯಾರಿಗೂ ಸಿಗುತ್ತಿರಲಿಲ್ಲವಾದ್ದರಿಂದ ನಾನು ಹಿಗ್ಗಿದೆ.

ಭಾನುವಾರ ನಾವು ಮೂವರೂ ಬಚ್ಚಲಲ್ಲಿ ಇಕ್ಕಟ್ಟಿನಲ್ಲಿ ಕುಳಿತಿದ್ದೇವೆ, ಫಿಲ್ಮು ಡಬ್ಬಿಯೊಳಗೆ ಹೋಗಿ ಮುಚ್ಚಳ ಬಿದ್ದಿದೆ, ನಾನು ಮದ್ದಿನ ಬಿಸಿ ನೋಡುತ್ತಿದ್ದೇನೆ, ಅಷ್ಟರಲ್ಲಿ ಬಾಗಿಲು ತುಂಬ ಅಣ್ಣ ಬಂದು ನಿಂತರು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತರು.

"ಯಾರು ಕುಲುಕೋದು?"

"ಈಯಮ್ಮ" ಎಂದರು ಓನರು ನನ್ನನ್ನು ತೋರಿಸಿ. "ಔಷಧಿ ಅಂಗಡಿಯೋರು. ಕೈ ಚೆನ್ನಾಗಿದೆ."

ಅಣ್ಣ ನನ್ನ ಕೈ ನೋಡಿದರು, ತಮ್ಮನ ಪ್ಲಾಸ್ಟರಿನ ಕಟ್ಟು ನೋಡಿದರು. "ತಾ ಇಲ್ಲಿ" ಎಂದು ಕೈ ಚಾಚಿದರು. "ನನ್ನ ಮುಖ, ನಾನೇ ಕುಲುಕ್ತೀನಿ. ಈ ಸಲ ಕೆಟ್ರೆ ಬೈಯೋಕೆ ಯಾರೂ ಇರಬಾರ್ದು."

ನಾನು ಓನರ ಕಡೆ ನೋಡಿದೆ. ಕುಲುಕುವುದನ್ನು ಅವರು ಬಾಯಿಂದ ಹೇಳಿಕೊಡುತ್ತಿದ್ದರೇ ಹೊರತು ಮದ್ದು ತುಂಬಿದ ಡಬ್ಬಿಯನ್ನು ಯಾರ ಕೈಗೂ ಕೊಟ್ಟವರಲ್ಲ, ನನಗೆ ಕೊಡುವುದಕ್ಕೇ ಒಂದು ವಾರ ತೆಗೆದುಕೊಂಡಿದ್ದರು. ಅಣ್ಣನದು ಗಾಡಿ ಎಳೆದ ಕೈ. ಆ ಕೈಗೆ ಡಬ್ಬಿ ಕೊಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ "ಕೊಡಮ್ಮ" ಎಂದರು.

ಮದ್ದು ಸುರಿದೆ. ಓನರು ಎರಡರ ಮಗ್ಗಿ ಶುರು ಮಾಡಿದರು. ಅಣ್ಣ ಡಬ್ಬಿಯನ್ನು ಎತ್ತಿ ಕುಲುಕಿದ ರಭಸಕ್ಕೆ ಬಕೆಟ್ಟು ಕಿರುಗುಟ್ಟಿತು.

"ಅಣ್ಣಾ, ಮೆತ್ತಗೆ."

"ನೀನು ಕುಲುಕದೆ ಕೆಡಿಸ್ದೆ. ನಾನು ಕುಲುಕ್ತೀನಿ, ನೀನು ಮಗ್ಗಿ ಹೇಳು."

"ಎರಡ್ಮೂರ್ಲಿ ಆರು. ಅಣ್ಣಾ, ಅದು ರಾಗಿ ಒನೆಯೋ ಮೊರ ಅಲ್ಲ. ಎರಡ್ನಾಕ್ಲಿ ಎಂಟು."

ಡಬ್ಬಿ ಕೆಳಗಿಟ್ಟು ಹದಿನೇಳರ ಮಗ್ಗಿ ಬಂದಾಗ ಅಣ್ಣನೂ ದನಿಗೂಡಿಸಿದರು. ಇಬ್ಬರೂ ಕಲಿತದ್ದು ಒಂದೇ ಶಾಲೆ, ಒಂದೇ ಮೇಷ್ಟ್ರು, ಒಂದೇ ರಾಗ. ಎಪ್ಪತ್ತು ದಾಟಿದ ಒಬ್ಬರು, ಎಪ್ಪತ್ತರ ಹತ್ತಿರ ಬಂದ ಇನ್ನೊಬ್ಬರು, ಬಚ್ಚಲಲ್ಲಿ ಕುಳಿತು ತಲೆ ತೂಗುತ್ತಾ ಹಾಡಿದರು. ಹದಿನೇಳೇಳ್ಲಿ ಬಂದಾಗ ಅಣ್ಣ ಜೋರಾಗಿ "ನೂರಾ ಹದಿನೆಂಟು" ಎಂದರು.

"ಹತ್ತೊಂಬತ್ತು" ಎಂದರು ತಮ್ಮ.

"ಹದಿನೆಂಟು ಅಂದಿದ್ದಕ್ಕೇ ಅಲ್ವೇನೋ ಮೇಷ್ಟ್ರು ನನ್ನ ಬೆಂಚ್ ಮೇಲೆ ನಿಲ್ಸಿದ್ದು."

"ನಿನ್ ಜೊತೆ ನನ್ನೂ ನಿಲ್ಸಿದ್ರು. ಪಿಸುಗುಟ್ಟಿ ಹೇಳ್ಕೊಟ್ಟೆ ಅಂತ."

ಅಣ್ಣ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು, ಹೊಟ್ಟೆಯೆಲ್ಲ ಕುಣಿಯುವ ನಗು. ಓನರೂ ನಗತೊಡಗಿದರು. ಹದಿನೇಳರ ಮಗ್ಗಿ ಅಲ್ಲೇ ಬಿದ್ದುಹೋಯಿತು, ಎಷ್ಟು ಹೊತ್ತಾಯಿತೋ ಯಾರಿಗೂ ಗೊತ್ತಿಲ್ಲ, ಹುಡುಗಿ ತನ್ನ ಫೋನು ನೋಡಿ "ಅಂಕಲ್, ಕುಲುಕಿ ಕುಲುಕಿ" ಎಂದು ಕೂಗಿದಾಗಲೇ ಎಚ್ಚರ. ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ತೊಳೆದು ಮುಗಿದ ಫಿಲ್ಮನ್ನು ಪಾರ್ಕಿಂಗಿನ ಬೆಳಕಿಗೆ ತಂದಾಗ ಅಣ್ಣ ನೋಡಿ ಕಂಗಾಲಾದರು. "ಏನೋ ಇದು, ಮುಖ ಪೂರ್ತಿ ಕಪ್ಪಾಗಿದೆಯಲ್ಲೋ."

"ಇದು ಉಲ್ಟಾ ಅಣ್ಣ. ಕಪ್ಪಿರೋದೆಲ್ಲ ಬೆಳ್ಳಗಾಗುತ್ತೆ."

"ನಿನ್ನ ಮಾತು ನಂಬಿ ಒಂದ್ಸಲ ಕೆಟ್ಟಿದೀನಿ."

ಓನರು ಎಡಗೈಯಲ್ಲಿ ಭೂತಗನ್ನಡಿ ಹಿಡಿದು ಒಂದೊಂದೇ ಚಿತ್ರ ನೋಡಿದರು. ನಾನು ಪಕ್ಕದಲ್ಲಿದ್ದೆ, ನನಗೂ ಕಂಡಿತು. ಅಣ್ಣನ ಮುಖದ ಮೇಲೆ ಒಂದು ಗೆರೆಯೂ ಇರಲಿಲ್ಲ. ಆದರೆ ಮೇಲಿನ ಅಂಚಿನಲ್ಲಿ, ಫಿಲ್ಮಿನ ತೂತುಗಳ ಕೆಳಗೆ, ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಗುರುತುಗಳು ಇಳಿದಿದ್ದವು. ಬೇರೆ ಯಾರದೇ ಆಗಿದ್ದರೆ "ಕೈ ಅವಸರ" ಎಂದು ಅಲ್ಲೇ ತೀರ್ಪು ಬೀಳುತ್ತಿತ್ತು. ಪ್ರಿಂಟ್ ಹಾಕುವಾಗ ಅಂಚು ಕತ್ತರಿಸಬಹುದು, ಆದರೆ ಓನರು ಆಸೆಬಿದ್ದು ಹತ್ತಿರದಿಂದ ತೆಗೆದಿದ್ದರಿಂದ ಪೇಟದ ತುದಿ ಆ ಅಂಚಿಗೇ ತಾಕಿತ್ತು. ಅಂಚು ಕತ್ತರಿಸಿದರೆ ಪೇಟವೂ ಹೋಗುತ್ತದೆ.

"ಯಾಕೆ ಸುಮ್ಮನಾದೆ? ಕೆಟ್ಟೋಯ್ತಾ?" ಎಂದರು ಅಣ್ಣ. ದನಿ ಸಣ್ಣಗಾಗಿತ್ತು.

"ಒಣಗ್ಲಿ ಇರು" ಎಂದರು ಓನರು.

ವಾರದ ಮೇಲೆ ಒಂದು ಸಂಜೆ ಅವರು ಅಂಚು ಕತ್ತರಿಸದೆ ಮಾಡಿಸಿದ ದೊಡ್ಡ ಪ್ರಿಂಟಿಗೆ ಗಾಜಿನ ಫ್ರೇಮ್ ಹಾಕಿಸಿಕೊಂಡು ಅಣ್ಣನ ಮನೆಗೆ ಹೊರಟರು. ಹೊತ್ತುಕೊಳ್ಳಲು ಒಂದೇ ಕೈ ಇದ್ದುದರಿಂದ ಹುಡುಗಿಯೂ ನಾನೂ ಜೊತೆಗೆ ಹೋದೆವು. ಅಣ್ಣ ಅದನ್ನು ಸೋಫಾದ ಮೇಲೆ ನಿಲ್ಲಿಸಿ, ಹಿಂದೆ ಸರಿದು, ಮುಂದೆ ಬಂದು ನೋಡಿದರು. ಪೇಟ ಬೆಳ್ಳಗೆ, ಮುಖ ನಿಚ್ಚಳ, ಪಕ್ಕದಲ್ಲಿ ಅತ್ತಿಗೆ ತುಟಿ ಬಿಗಿಹಿಡಿದು ನಗುತ್ತಿದ್ದಾರೆ. ಅಣ್ಣ ಬೆರಳಿನಿಂದ ಕೆನ್ನೆ ಮುಟ್ಟಿಕೊಂಡರು. ಆಮೇಲೆ ಮನೆಯವರನ್ನೆಲ್ಲ ಕೂಗಿದರು. ಸೊಸೆ ಬಂದಳು, ಮೊಮ್ಮಕ್ಕಳು ಬಂದರು, ಪಕ್ಕದ ಮನೆಯವರೂ ಬಂದರು.

"ನಾನೇ ಕುಲುಕಿದ್ದು" ಎಂದು ಎಲ್ಲರಿಗೂ ಹೇಳಿದರು. "ಮೊದಲನೇ ಸಲ. ಒಂದು ಗೆರೆ ಇದ್ರೆ ತೋರ್ಸಿ ನೋಡೋಣ."

ಹುಡುಗಿ ಪಾಪ ಓದುವವಳು, ಕೇಳಿದ ಪ್ರಶ್ನೆಗೆ ಉತ್ತರ ಹೇಳಿಬಿಟ್ಟಳು. "ಮುಖ ಸೂಪರಾಗಿದೆ ಅಂಕಲ್. ಮೇಲ್ಗಡೆ ಅಂಚಲ್ಲಿ ಮಾತ್ರ ಸ್ವಲ್ಪ ಬಿಳಿ ಬಿಳಿ ಗುರುತಿದೆ. ಜೋರಾಗಿ ಕುಲುಕಿದ್ರೆ ಹಂಗಾಗುತ್ತೆ, ಅಲ್ವಾ ಓನರ್ ಅಂಕಲ್?"

ಎಲ್ಲರೂ ಓನರ ಕಡೆ ತಿರುಗಿದರು. ಅಣ್ಣನೂ ತಿರುಗಿದರು.

ಓನರು ಕನ್ನಡಕ ಹಾಕಿಕೊಂಡರು. ಫೋಟೊದ ಹತ್ತಿರ ಹೋಗಿ, ಮೂಗು ಗಾಜಿಗೆ ತಾಕುವಷ್ಟು ಬಗ್ಗಿ, ಮೇಲಿನ ಅಂಚನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರು. ಆ ಗುರುತುಗಳು ಬಾಗಿಲಲ್ಲಿ ನಿಂತಿದ್ದ ನನಗೂ ಕಾಣುತ್ತಿದ್ದವು.

"ಎಲ್ಲಿ?" ಎಂದರು. "ನಂಗೇನೂ ಕಾಣ್ತಿಲ್ಲವಲ್ಲ."